ಎಡಗೈಯ ಪದಗಳು

ರಾಜಗೋಪಾಲನಗರದ ಮುಖ್ಯರಸ್ತೆಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬೋರ್ಡು ಬರೆಯಲು ಬಂದ ಪೇಂಟರ್ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ‘ಪ್ರೊಪ್ರೈಟರ್’ ಎಂದು ಬರೆದು, ಅದಕ್ಕೆ ಕೆಂಪು ನೆರಳು ಬೇರೆ ಕೊಟ್ಟು ಹೋಗಿದ್ದ. ಅಳಿಸಿಬಿಡಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಒಂದು ಮಧ್ಯಾಹ್ನ, ಕಲಿಯುವವರು ಯಾರೂ ಬಂದಿರದ ಹೊತ್ತಿನಲ್ಲಿ, ಸುಮ್ಮನೆ ಆ ಪದವನ್ನು ಟೈಪ್ ಮಾಡಿದೆ. ಬೆರಳು ಮೇಲಿನ ಸಾಲು ಬಿಟ್ಟು ಇಳಿಯಲೇ ಇಲ್ಲ. ಪಿ, ಆರ್, ಓ, ಐ, ಇ, ಟಿ, ಎಲ್ಲ ಅಕ್ಷರಗಳೂ ಕೀಲಿಗಳ ಮೇಲಿನ ಸಾಲಿನಲ್ಲೇ ಇದ್ದವು. ಮೈ ಜುಮ್ಮೆಂದಿತು. ‘ಟೈಪ್‌ರೈಟರ್’ ಎಂದು ಹೊಡೆದು ನೋಡಿದೆ. ಅದೂ ಪೂರ್ತಿ ಮೇಲಿನ ಸಾಲಿನದೇ. ಅಂದರೆ ನಾನೂ ನನ್ನ ಮೆಷಿನ್ನೂ ಒಂದೇ ಸಾಲಿನವರು.

ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟ್ ಮುಗಿಸಿ ಬಂದವರಿಗೆ ಇದನ್ನು ಹೇಳಿದೆ. ಅವರು ಬೂಟು ಬಿಚ್ಚುತ್ತಾ, “ಅದಕ್ಕೇನೀಗ?” ಅಂದರು.

ಆ ಪ್ರಶ್ನೆಗೆ ಬಹಳ ಕಾಲ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲ ಅಂತ ಹುಚ್ಚು ಬಿಡುತ್ತದೆಯೇ? ಇಂಗ್ಲಿಷ್ ಪದಗಳನ್ನು ತಿರುವಿ, ಕೊಡವಿ, ಒಳಗೇನಿದೆ ನೋಡುವುದು ನನಗೆ ಚಟವೇ ಆಗಿಹೋಯಿತು. ಕೀಲಿಗಳ ಕೆಳಗಿನ ಸಾಲಿನಲ್ಲಿ ಒಂದೂ ಸ್ವರವಿಲ್ಲ. ಅದರಿಂದ ಒಂದು ಪದವೂ ಹುಟ್ಟುವುದಿಲ್ಲ, ಮೇಲಿನ ಮನೆಯಿಂದ ಕೈಸಾಲ ತಂದೇ ಬದುಕಬೇಕು. ನಡುವಿನ ಸಾಲಿನಲ್ಲಿರುವ ಸ್ವರ ‘ಎ’ ಒಂದೇ. ಆದರೂ ಅದು ‘ಅಲಾಸ್ಕಾ’ದವರೆಗೆ ಹೋಗಿ ಬರುತ್ತದೆ. ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಒಂದು ಪ್ರಶ್ನೆ ಬರೆದಿಡುತ್ತಿದ್ದೆ. ಐದೂ ಸ್ವರಗಳು ಒಂದೊಂದೇ ಸಲ ಬರುವ ಪದ ಯಾವುದು? ಎಲ್ಲರೂ ಅದಕ್ಕೇ ಇಲ್ಲಿಗೆ ಬರ್ತೀರಿ ಎಂದು ಸುಳಿವೂ ಕೊಟ್ಟಿದ್ದೆ. ‘ಎಜುಕೇಶನ್’ ಎಂದು ಯಾರಿಗೂ ಹೊಳೆಯಲಿಲ್ಲ. ಜೋಡಿ ಅಕ್ಷರಗಳು ಮೂರು ಸಲ ಬೆನ್ನಿಗೆ ಬೆನ್ನು ಹಚ್ಚಿ ಬರುವ ಪದ ಯಾವುದು ಎಂದು ಕೇಳಿದಾಗ, ಬಿ.ಕಾಂ. ಮುಗಿಸಿದ ಒಬ್ಬ ವಾರವಿಡೀ ತಲೆ ಕೆರೆದುಕೊಂಡ. ಉತ್ತರ ‘ಬುಕ್‌ಕೀಪರ್’. ಅವನು ಕೆಲಸಕ್ಕೆ ಅರ್ಜಿ ಹಾಕಿದ್ದೂ ಅದಕ್ಕೇ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮೆದುರು ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಬಂದು, ನನ್ನ ಹತ್ತಿರ ಕಲಿಯುವವರು ಒಬ್ಬೊಬ್ಬರೇ ರಸ್ತೆ ದಾಟಿ ಅತ್ತ ಹೋದರು. ಹಟಕ್ಕೆ ನಾನೂ ಒಂದು ಕಂಪ್ಯೂಟರ್ ತಂದು ಮೂಲೆಯಲ್ಲಿಟ್ಟು ಪ್ಲಾಸ್ಟಿಕ್ ಕವರ್ ಹೊದಿಸಿದೆ. ಕರೆಂಟ್ ಹೋದಾಗ ಮಾತ್ರ ಎದುರಿನವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನನ್ನ ಟೈಪ್‌ರೈಟರ್‌ಗಳಿಗೆ ಕರೆಂಟ್ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕಿಟಕಿ ಪಕ್ಕದ ಮೆಷಿನ್ನಿಗೆ ಕೂತು ಬೇಕೆಂದೇ ಜೋರಾಗಿ ಟೈಪ್ ಮಾಡುತ್ತಿದ್ದೆ. ನನ್ನ ಬುದ್ಧಿ ಅಷ್ಟೇ.

ಅಂಥದೇ ಒಂದು ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಹಣೆಯ ಮೇಲೆ ದೊಡ್ಡ ಮೆರೂನ್ ಬೊಟ್ಟು. ಬಲಗೈ ಸೆರಗಿನೊಳಗಿತ್ತು.

“ಟೀಚರ್ ಅಂದ್ರ ನೀವೇನ್ರೀ? ಟೈಪಿಂಗ್ ಕಲೀಬೇಕಾಗಿತ್ರಿ.”

“ಯಾವ ಪರೀಕ್ಷೆಗೆ?”

“ಪರೀಕ್ಷಾಕ್ಕಲ್ರಿ. ಕೆಲಸಕ್ಕ.”

ಇನ್ನೂ ಏನೇನೋ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಸೆರಗು ಸರಿಸಿ ಕೈಯನ್ನು ಮೇಜಿನ ಮೇಲಿಟ್ಟಳು. ನಾಲ್ಕು ಬೆರಳು ಇರಲಿಲ್ಲ. ಉಳಿದದ್ದು ಹೆಬ್ಬೆರಳು ಒಂದೇ.

ನಮ್ಮ ಕಡೆ ಇದು ಹೊಸದಲ್ಲ. ಪೀಣ್ಯದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಕೈಗಳನ್ನು ನೋಡಿದರೆ ಸಾಕು, ಒಂದಿಲ್ಲೊಂದು ಕೈಗೆ ಒಂದು ಬೆರಳು, ಅರ್ಧ ಬೆರಳು ಕಡಿಮೆ ಇರುತ್ತದೆ. ತಗಡನ್ನು ಒಂದೇ ಏಟಿಗೆ ಕತ್ತರಿಸುವ, ಬಗ್ಗಿಸುವ ಪ್ರೆಸ್ ಮೆಷಿನ್ನುಗಳ ಊರು ಇದು. ಅವಳೂ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವಳು. ಊರು ಯಾದಗಿರಿ ಕಡೆ, ಗಂಡ ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು, ಮನೆ ನಮ್ಮ ಹಿಂದಿನ ರಸ್ತೆಯ ರೂಮುಗಳ ಸಾಲಿನಲ್ಲಿ. ಗಾಯ ಆರಿದ ಮೇಲೆ ಕಂಪನಿಯವರು ಅವಳಿಗೆ ಎರಡು ದಾರಿ ಹೇಳಿದ್ದರು. ಪರಿಹಾರ ತೆಗೆದುಕೊಂಡು ಕೆಲಸ ಬಿಡುವುದು ಒಂದು. ಇನ್ನೊಂದು, ಡಿಸ್‌ಪ್ಯಾಚ್ ಆಫೀಸಿನ ಕ್ಲರ್ಕ್ ದೀಪಾವಳಿಗೆ ಕೆಲಸ ಬಿಡುತ್ತಾನೆ. ಹೊರಗೆ ಹೋಗುವ ಮಾಲಿನ ಚಲನ್‌ಗಳನ್ನು ಕಂಪ್ಯೂಟರಿನಲ್ಲಿ ಹೊಡೆಯುವುದು ಅವನ ಕೆಲಸ. ಅಷ್ಟರೊಳಗೆ ಟೈಪಿಂಗ್ ಕಲಿತು ಟೆಸ್ಟ್ ಪಾಸಾದರೆ ಆ ಕುರ್ಚಿ ಅವಳಿಗೆ. ಇವಳಿಂದ ಇದು ಆಗುವ ಮಾತಲ್ಲ ಎಂಬ ಧೈರ್ಯದಿಂದಲೇ ಎರಡನೆಯ ದಾರಿ ತೋರಿಸಿರಬೇಕು ಎಂದು ನನಗನ್ನಿಸಿತು.

“ಎಲ್ಲಾರೂ ಊರಿಗೆ ಹೋಗು ಅಂತಾರ್ರೀ,” ಅಂದಳು. “ನಾ ಯಾಕ ಹೋಗ್ಲಿ? ಕೈ ಇಲ್ಲೇ ಹೋಗೈತಿ. ಕೆಲಸಾನೂ ಇಲ್ಲೇ ಸಿಗಬೇಕು.”

ನನಗೆ ಸಿಟ್ಟು ಬೇಗ ಬರುತ್ತದೆ, ಕಣ್ಣೀರು ಅದಕ್ಕಿಂತ ಬೇಗ. ಕಣ್ಣೀರು ಕಾಣದಿರಲೆಂದು ಗಡುಸಾಗಿ ಮಾತಾಡುತ್ತೇನೆ.

“ಸ್ಪೇಸ್ ಬಾರ್ ಒತ್ತೋದು ಬಲಗೈ ಹೆಬ್ಬೆರಳಿನ ಕೆಲಸ. ಅದು ನಿಂಗಿದೆ,” ಅಂದೆ. “ಸಾಲು ಮುಗಿದಾಗ ತಳ್ಳೋ ಹಿಡಿ ಎಡಗಡೆ ಇದೆ, ಅದಕ್ಕೂ ಕೈ ಇದೆ. ಉಳಿದಿದ್ದು ಅಕ್ಷರಗಳು. ನಾಳೆ ಬಾ.”

“ನಾಳಿ ಯಾಕ್ರಿ? ಇವತ್ತ ಕೂಡ್ತೀನಿ,” ಎಂದು ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಕೂತೇಬಿಟ್ಟಳು.

ಟೈಪಿಂಗ್ ಕಲಿಸುವವರಲ್ಲಿ ಒಂದು ಪದ್ಧತಿ ಇದೆ. ಕೀಲಿ ನೋಡಿಕೊಂಡು ಹೊಡೆಯಬಾರದೆಂದು ಕಲಿಯುವವರ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತೇವೆ. ಕಣ್ಣು ಕಾಗದದ ಮೇಲೆ, ಬೆರಳು ಕತ್ತಲೆಯಲ್ಲಿ. ಹೊಸಬರೆಲ್ಲ ಇದನ್ನು ಕಂಡರೆ ಗೊಣಗುತ್ತಾರೆ, ಟವೆಲ್ಲಿನ ಅಂಚೆತ್ತಿ ಕದ್ದು ನೋಡಿ ನನ್ನಿಂದ ಸ್ಕೇಲಿನ ಏಟು ತಿನ್ನುತ್ತಾರೆ. ಅವಳು ಮಾತ್ರ ಟವೆಲ್ ಹೊದಿಸಿದ ಕೂಡಲೇ ಉಸಿರು ಬಿಟ್ಟು ನೆಟ್ಟಗೆ ಕೂತಳು. ಪಕ್ಕದ ಮೆಷಿನ್ನಿನವರು ಅವಳ ಕೈಯತ್ತ ಓರೆಗಣ್ಣು ಹಾಕುತ್ತಿದ್ದರು. ಟವೆಲ್ಲಿನ ಕೆಳಗೆ ಎಲ್ಲರ ಕೈಯೂ ಒಂದೇ. ಮಾರನೆಯ ದಿನದಿಂದ ಅವಳೇ ಬಂದ ತಕ್ಷಣ ಟವೆಲ್ ಎತ್ತಿಕೊಳ್ಳುತ್ತಿದ್ದಳು.

ಎಡಗೈಯ ನಾಲ್ಕು ಬೆರಳು ವಿಶ್ರಮಿಸುವ ಜಾಗ ಎ, ಎಸ್, ಡಿ, ಎಫ್. ಅದನ್ನೇ ಹೋಮ್ ಕೀ ಅನ್ನುತ್ತೇವೆ, ಬೆರಳುಗಳ ಮನೆ. ಕೀಲಿಗಳ ಎಡ ಅರ್ಧ ಎಡಗೈಗೆ, ಬಲ ಅರ್ಧ ಬಲಗೈಗೆ. ಇವಳಿಗೆ ಎರಡು ಅರ್ಧವನ್ನೂ ಒಂದೇ ಕೈ ಸುತ್ತಬೇಕು. ಮೊದಲ ವಾರವೇ ಅಷ್ಟು ದೂರ ಓಡಿಸಿದರೆ ಹೆದರಿಬಿಡುತ್ತಾಳೆ. ಹಾಗಂತ ಎಎಸ್‌ಡಿಎಫ್ ಎಂದು ಬರೀ ಅಕ್ಷರ ಕುಟ್ಟಿಸುತ್ತ ಕೂತರೆ ಬೇಜಾರಾಗಿ ಬಿಟ್ಟುಹೋಗುತ್ತಾಳೆ. ಆಗ ನನಗೆ ಹೊಳೆಯಿತು: ಎಡ ಅರ್ಧದಲ್ಲೇ ಮುಗಿಯುವ ಪದಗಳು ಎಷ್ಟಿರಬಹುದು?

ಆ ಸಂಜೆಯಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಬೇಳೆ ಸೀದುಹೋದದ್ದೂ ಉಂಟು. ಟೀ, ವಾಟರ್, ಬ್ರೆಡ್, ಎಗ್, ಸ್ವೀಟ್, ಅಷ್ಟೂ ಎಡಗೈಯವೇ. ಕೆಳಗಿನ ಬೇಕರಿಯ ಅರ್ಧ ಅಂಗಡಿ ಸಿಕ್ಕಂತಾಯಿತು. ಡೇಟ್, ರೇಟ್, ಅಡ್ರೆಸ್, ಟ್ಯಾಕ್ಸ್, ಫ್ಯಾಕ್ಸ್, ಅಂದರೆ ಆಫೀಸಿನ ಮುಕ್ಕಾಲು ಕಾಗದಪತ್ರ. ‘ಡಿಯರ್’ ಕೂಡ ಎಡಗೈ, ‘ರಿಗಾರ್ಡ್ಸ್’ ಕೂಡ ಎಡಗೈ. ಇಂಗ್ಲಿಷ್ ಪತ್ರದ ತಲೆಯೂ ಕಾಲೂ ಸಿಕ್ಕಿದವು, ನಡುವಿನ ಹೊಟ್ಟೆ ಮಾತ್ರ ಬಾಕಿ. ಟೆಸ್ಟ್, ಬೆಟರ್, ಬೆಸ್ಟ್, ಬ್ರೇವ್. ಹುಡುಕಿದಷ್ಟೂ ಬರುತ್ತಲೇ ಇದ್ದವು. ಜನ ಬಸ್ಸು ಹತ್ತಿ ಹೋಗುತ್ತಿದ್ದರೆ ನಾನು ಬಸ್ ಸ್ಟಾಪಿನಲ್ಲೇ ನಿಂತು ಗಾಳಿಯಲ್ಲಿ ಎಡಗೈ ಬೆರಳಾಡಿಸುತ್ತಿದ್ದೆ.

“ಈಗ ಮತ್ತೆ ಅದಕ್ಕೇನೀಗ ಅನ್ನಿ ನೋಡೋಣ,” ಎಂದು ಗಂಡನನ್ನು ಕೆಣಕಿದೆ.

“ಪಾಸಾದ ದಿನ ಅನ್ನಲ್ಲ,” ಅಂದರು.

ಅವಳಿಗೆ ಈ ಪಾಠ ಬಲು ಇಷ್ಟವಾಯಿತು. ಹತ್ತನೆಯ ತರಗತಿ ಓದಿದವಳು, ಅಕ್ಷರಗಳೆಲ್ಲ ಗೊತ್ತು, ಎಷ್ಟೋ ಪದಗಳ ಅರ್ಥ ಮಾತ್ರ ಗೊತ್ತಿರಲಿಲ್ಲ. ಅರ್ಥ ಕೇಳದೆ ಒಂದು ಪದವನ್ನೂ ಹೊಡೆಯುತ್ತಿರಲಿಲ್ಲ. ‘ವೇಜಸ್’ ಅಂದರೆ ಪಗಾರ ಎಂದು ಹೇಳಿದಾಗ ಬಿದ್ದು ಬಿದ್ದು ನಕ್ಕಳು. “ಪಗಾರ ಎಡಗೈಗೇ ಬರ್ತೈತೇನ್ರೀ? ಹಂಗಾರ ಚಲೋ ಆತು ಬಿಡ್ರಿ.” ಕೆಲವೇ ವಾರಗಳಲ್ಲಿ ಎಡಗೈಯ ಪದಗಳನ್ನು ಮಳೆ ಸುರಿದಂತೆ ಹೊಡೆಯತೊಡಗಿದಳು. ನಾನು ಹೆಮ್ಮೆಯಿಂದ ಬೀಗುತ್ತಾ ಇನ್ನಷ್ಟು ಎಡಗೈಯ ಪದ ಹುಡುಕಿ ತರುತ್ತಿದ್ದೆ.

ಒಂದು ದಿನ ಅವಳೇ ಕೇಳಿದಳು. “ಟೀಚರ, ಬಲಗಡೆ ಏನೇನ್ ಐತ್ರಿ?”

“ಮಿಲ್ಕ್. ಆಯಿಲ್. ಆನಿಯನ್.”

“ಉಳ್ಳಾಗಡ್ಡಿ ಬಲಗಡೆ ಐತೇನ್ರಿ?” ಎಂದು ಕೈ ನಿಲ್ಲಿಸಿದಳು. “ಇಷ್ಟ್ ದಿನ ಬರೀ ಬ್ರೆಡ್ ತಿನಿಸೀರಿ ನನಗ. ಉಳ್ಳಾಗಡ್ಡಿ ಇಲ್ಲದ ಊಟ ಎಂಥಾದ್ರಿ? ಅತ್ತಾಗೂ ಹೋಗೂನು ನಡ್ರಿ.”

ಹೊರಟೆವು. ಮರುದಿನ ಅವಳು ಕಂಪನಿಯಿಂದ ಒಂದು ಹಳೆಯ ಚಲನ್ನಿನ ಜೆರಾಕ್ಸ್ ತಂದಳು. ಟೆಸ್ಟಿನಲ್ಲಿ ಇಂಥದ್ದನ್ನೇ ಕೊಡುತ್ತಾರಂತೆ. ಅದರ ತುಂಬ ಒಂದೇ ಪದ ಮತ್ತೆ ಮತ್ತೆ: ಪ್ರೆಸ್ ಪಾರ್ಟ್ಸ್, ಪ್ರೆಸ್ ಟೂಲ್, ಪ್ರೆಸ್ ಪಾರ್ಟ್ಸ್. ಇಂಗ್ಲಿಷಿನ ‘ಪ್ರೆಸ್’ ವಿಚಿತ್ರ ಪದ. ಆರ್, ಇ, ಎಸ್, ಎಸ್, ನಾಲ್ಕೂ ಎಡಗೈಯ ಬುಡದಲ್ಲೇ ಇವೆ. ಮೊದಲನೆಯ ಪಿ ಮಾತ್ರ ಬಲಗಡೆಯ ಕಟ್ಟಕಡೆಯ ಮೂಲೆಯಲ್ಲಿ. ಎಡಗೈ ಅಷ್ಟು ದೂರ ಹಾರಿ, ಪಿ ಒತ್ತಿ, ಮತ್ತೆ ಮನೆಗೆ ಬಂದು ಉಳಿದದ್ದನ್ನು ಹೊಡೆಯಬೇಕು. ಅವಳು ಹಾರಿದಳು. ಪಿ ಸರಿಯಾಗೇ ಬಿತ್ತು. ಆಮೇಲೆ ಬಿದ್ದದ್ದೆಲ್ಲ ಕಗ್ಗ. ಮೊದಲ ದಿನ ಹೊಸದು ಅಂತ ಬಿಟ್ಟೆ. ವಾರವಾದರೂ ಹಾಗೇ. ಪ್ರತಿ ಸಾಲೂ ಕಗ್ಗ. ಅಷ್ಟರಲ್ಲಿ ಊರಲ್ಲೆಲ್ಲ ದಸರಾ ಗೊಂಬೆ ಕೂರಿಸುವ ಮಾತು ಶುರುವಾಗಿತ್ತು. ದೀಪಾವಳಿ ದೂರವಿರಲಿಲ್ಲ.

ಒಂದು ಸಂಜೆ ಅವಳು ಕಾಗದವನ್ನು ಮೆಷಿನ್ನಿನಿಂದ ಎಳೆದು ಮೇಜಿನ ಮೇಲಿಟ್ಟಳು. ಟವೆಲ್ ಮಡಚಿ ಅದರ ಪಕ್ಕದಲ್ಲಿಟ್ಟಳು.

“ಇದು ನನಗ ಬರಂಗಿಲ್ರಿ ಟೀಚರ. ಪ್ರೆಸ್ಸು ನನ್ನ ಬಿಡವಲ್ದು.”

ಮೆಟ್ಟಿಲಿಳಿದು ಹೋದವಳು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಇದ್ದವರ ಮೇಲೆಲ್ಲ ಹರಿಹಾಯ್ದೆ. ಕರಿಹಲಗೆಯ ಮೇಲೆ ಪ್ರಶ್ನೆ ಬರೆಯುವುದನ್ನೂ ಬಿಟ್ಟೆ. ಅವಳು ಬಿಟ್ಟುಹೋದ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಅದನ್ನೇ ಎದುರಿಗಿಟ್ಟುಕೊಂಡು ತಿನ್ನುತ್ತಾ ಕೂತೆ.

ತಪ್ಪು ಎಂದುಕೊಂಡು ನೋಡುತ್ತಿದ್ದಾಗ ಅದು ಬರೀ ತಪ್ಪಾಗಿ ಕಂಡಿತ್ತು. ಒಗಟು ಎಂದು ನೋಡಿದ ಗಳಿಗೆಯಲ್ಲಿ ತುತ್ತು ಬಾಯಲ್ಲೇ ನಿಂತಿತು. ಹಾಳೆಯ ಮೇಲಿನ ಸಾಲುಗಳಲ್ಲಿ ‘ಪ್ರೆಸ್’ ಇರಬೇಕಾದ ಕಡೆಯಲ್ಲೆಲ್ಲ ಪಿ, ಟಿ, ಆರ್, ಡಿ, ಡಿ ಎಂದು ಬಿದ್ದಿತ್ತು. ಒಂದು ಸಲ ಅಲ್ಲ, ಪ್ರತಿ ಸಲವೂ ಅದೇ. ಕೀಲಿಗಳನ್ನು ನೋಡಿದೆ. ಆರ್‌ನ ಬಲ ಪಕ್ಕದ್ದು ಟಿ. ಇಯ ಬಲ ಪಕ್ಕದ್ದು ಆರ್. ಎಸ್‌ನ ಬಲ ಪಕ್ಕದ್ದು ಡಿ. ಅವಳ ಬೆರಳುಗಳು ಸರಿಯಾದ ಪದವನ್ನೇ ಹೊಡೆದಿದ್ದವು. ಕೈ ಮಾತ್ರ ಒಂದು ಕೀಲಿ ಬಲಕ್ಕೆ ಕೂತಿತ್ತು. ಹಾಳೆಯ ಕೆಳಗಿನ ಸಾಲುಗಳಲ್ಲಿ ಎರಡು ಕೀಲಿ ಸರಿದಿತ್ತು, ಅಲ್ಲಿ ಪಿ, ವೈ, ಟಿ, ಎಫ್, ಎಫ್. ಪಿಯವರೆಗೆ ಹಾರಿದ ಕೈ ತನ್ನ ಮೂಲೆಯ ಮನೆಗೆ ಪೂರ್ತಿ ವಾಪಸ್ಸು ಬರುತ್ತಲೇ ಇರಲಿಲ್ಲ. ಪ್ರತಿ ಸಲ ಸ್ವಲ್ಪ ಈಚೆಗೇ, ನಡುವಿನ ಕಡೆಗೆ, ನಿಂತುಬಿಡುತ್ತಿತ್ತು. ಟೈಪ್ ಕಲಿತವರಿಗಷ್ಟೇ ಗೊತ್ತಿರುವ ತಪ್ಪು ಇದು. ಕತ್ತಲೆಯಲ್ಲಿ ಪಕ್ಕದ ಮನೆ ಹೊಕ್ಕು ಅಡುಗೆ ಮಾಡಿದ ಹಾಗೆ.

ಉಳಿದ ಊಟ ಅಲ್ಲೇ ಬಿಟ್ಟು, ಕಾಗದ ಹಿಡಿದುಕೊಂಡು ಹಿಂದಿನ ರಸ್ತೆಗೆ ಓಡಿದೆ. ರೂಮುಗಳ ಸಾಲಿನ ಮುಂದೆ ನೀಲಿ ಡ್ರಮ್ಮುಗಳ ನಡುವೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಒಂದು ಪಾತ್ರೆಯನ್ನು ಬಲ ಮುಂಗೈಯಿಂದ ನೆಲಕ್ಕೆ ಒತ್ತಿ ಹಿಡಿದು, ಎಡಗೈಯಿಂದ ಉಜ್ಜುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಇದು ತಪ್ಪಲ್ಲ ಕಣೇ,” ಅಂದೆ, ಏದುಸಿರು ಬಿಡುತ್ತಾ. “ಸರಿಯಾಗೇ ಹೊಡೆದಿದೀಯ. ಪಕ್ಕದ ಮನೇಲಿ ನಿಂತ್ಕೊಂಡು ಹೊಡೆದಿದೀಯ, ಅಷ್ಟೇ.”

ಒದ್ದೆ ನೆಲದ ಮೇಲೆ ಬೆರಳಿನಿಂದಲೇ ಕೀಲಿಗಳ ಸಾಲು ಬರೆದು ತೋರಿಸಿದೆ. ಅವಳು ಕುಕ್ಕರುಗಾಲಲ್ಲಿ ಕೂತು ಒಂದೊಂದು ಅಕ್ಷರವನ್ನೂ ಕಾಗದದಿಂದ ನೆಲಕ್ಕೆ, ನೆಲದಿಂದ ಕಾಗದಕ್ಕೆ ಹೋಲಿಸಿ ನೋಡಿದಳು. ಅವಳ ಮುಖ ನಿಧಾನಕ್ಕೆ ತಿಳಿಯಾಯಿತು.

“ಹಂಗಾರ ನನ್ನ ಕೈಗೆ ಬುದ್ಧಿ ಐತ್ರಿ.”

“ಬುದ್ಧಿ ಅದಕ್ಕಿದೆ. ಅದು ನಡುವೆ ಕೂತ್ಕೋಬೇಕು ಅಂತಿದೆ. ನಾವೇ ಮೂಲೆಗೆ ತಳ್ತಾ ಇದೀವಿ. ಇನ್ಮೇಲೆ ಎಎಸ್‌ಡಿಎಫ್ ಬೇಡ. ಸಾಲಿನ ಮಧ್ಯ ಎಫ್, ಜಿ, ಎಚ್, ಜೆ ಇದೆಯಲ್ಲ, ಅದೇ ನಿನ್ನ ಹೋಮ್.”

ಹೇಳಿದ ಮೇಲೆ ನನಗೇ ಪುಕುಪುಕು. ಹೋಮ್ ಕೀ ಬದಲಾಯಿಸುವುದೆಂದರೆ ನಮ್ಮವರಲ್ಲಿ ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದಂತೆ. ನನಗೆ ಕಲಿಸಿದ ಮೇಷ್ಟ್ರು ಕೇಳಿದ್ದರೆ ಸ್ಕೇಲು ಮುರಿಯುವವರೆಗೂ ಬಾರಿಸುತ್ತಿದ್ದರು. “ಈಗ ಬದಲಾಯಿಸಿದ್ರೆ ಕಲಿತಿದ್ದೆಲ್ಲ ಮೊದಲಿಂದ ಕಲೀಬೇಕಾಗುತ್ತೆ,” ಎಂದು ರಾಗ ಎಳೆದೆ.

“ಬಾಡಿಗಿ ಮನಿ ಇದ್ದಂಗ ಬಿಡ್ರಿ,” ಅಂದಳು ಅವಳು, ಉಳಿದ ಪಾತ್ರೆಗೆ ನೀರು ಹಾಕುತ್ತಾ. “ಈ ಏರಿಯಾದಾಗ ಎಷ್ಟ್ ಸಲ ಬದಲ್ ಮಾಡೇವಿ. ನಾಕ್ ದಿನ ಕತ್ತಲಾಗ ಗ್ವಾಡಿಗೆ ಹಣಿ ಬಡಿತೈತಿ. ಆಮ್ಯಾಲ ರೂಢಿ ಆಕ್ಕೈತಿ.”

ಸಂಜೆಗೇ ಬಂದು ಕೂತಳು. ಟವೆಲ್ ಹೊದಿಸುವ ಮುಂಚೆ ತನ್ನ ಪರ್ಸಿನಿಂದ ಬೊಟ್ಟಿನ ಪ್ಯಾಕೆಟ್ ತೆಗೆದು, ಒಂದು ಮೆರೂನ್ ಬೊಟ್ಟನ್ನು ಎಚ್ ಕೀಲಿಯ ಮೇಲೆ ಅಂಟಿಸಿದಳು. ಹೊಸ ಮನೆಯಲ್ಲಿ ನಡುಬೆರಳು ಕೂರುವ ಜಾಗ ಅದು. ನೋಡದೆಯೂ ಮುಟ್ಟಿದರೆ ತಿಳಿಯಬೇಕಲ್ಲ. ಆಯುಧಪೂಜೆಯ ದಿನವಷ್ಟೇ ಕುಂಕುಮ ಕಾಣುತ್ತಿದ್ದ ನನ್ನ ಮೆಷಿನ್ನಿಗೆ ಹೀಗೆ ನಿತ್ಯ ಬೊಟ್ಟಿನ ಯೋಗ ಬಂತು. ಬೇರೆ ಯಾರಾದರೂ ಕೀಲಿಗೆ ಗೋಂದು ಹತ್ತಿಸಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಅವಳು ಹೇಳಿದ ಹಾಗೇ ಕೆಲವು ದಿನ ಕತ್ತಲಲ್ಲಿ ಗೋಡೆಗೆ ಹಣೆ ಬಡಿಯಿತು. ವಾಟರ್, ಬ್ರೆಡ್ ಕೂಡ ಕೆಟ್ಟುಹೋದವು. ಆಮೇಲೆ ಒಂದೊಂದೇ ವಾಪಸ್ಸು ಬಂದವು. ನಾನೀಗ ಎಡ ಬಲ ಬಿಟ್ಟು, ಎರಡೂ ಕಡೆ ಓಡಾಡುವ ಪದಗಳ ಬೇಟೆಗೆ ಬಿದ್ದಿದ್ದೆ. ಅವಳ ಬೆರಳು ನಡುವಿನಿಂದ ಅತ್ತ ಹೋಗಿ, ಎಚ್ ಮೇಲಿನ ಬೊಟ್ಟು ಸವರಿ, ಇತ್ತ ಬರುವುದನ್ನು ಕಿವಿಯಲ್ಲೇ ಕೇಳಬಹುದಿತ್ತು. ಪ್ರತಿ ಪದದ ಕೊನೆಗೆ ಬಲಗೈ ಹೆಬ್ಬೆರಳು ಸ್ಪೇಸ್ ಬಾರನ್ನು ದಡ್ ಎಂದು ಒತ್ತುತ್ತಿತ್ತು. ಆಯುಧಪೂಜೆಯ ಹೊತ್ತಿಗೆ ‘ಪ್ರೆಸ್’ ಬಿತ್ತು. ಪಿ, ಆರ್, ಇ, ಎಸ್, ಎಸ್. ಅದನ್ನೇ ಆ ಹಾಳೆಯ ಕೊನೆಯ ಸಾಲಿನವರೆಗೂ ಹೊಡೆದಳು. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಆಮೇಲೆ ಮೂಲೆಯ ಕಂಪ್ಯೂಟರಿನ ಕವರ್ ತೆಗೆದೆವು. ಮೆಷಿನ್ನಿನ ಗಟ್ಟಿ ಕೀಲಿ ಒತ್ತಿ ಪಳಗಿದ ಬೆರಳಿಗೆ ಅದು ಬೆಣ್ಣೆ. ಅಲ್ಲೂ ಎಚ್ ಮೇಲೆ ಬೊಟ್ಟು ಬಿತ್ತು.

“ಇದರಲ್ಲಿ ಎಫ್ ಮೇಲೆ, ಜೆ ಮೇಲೆ ಸಣ್ಣ ಗೆರೆ ಇರುತ್ತೆ ಕಣೇ, ಬೊಟ್ಟು ಯಾಕೆ?” ಅಂದೆ.

“ಅದು ಎರಡೂ ಕೈ ಇದ್ದೋರ ಗುರ್ತ್ರಿ. ನಂದು ನಂಗಿರ್ಲಿ.”

ಟೆಸ್ಟು ದೀಪಾವಳಿಯ ಹಿಂದಿನ ಶನಿವಾರ. ಜೊತೆಗೆ ಬನ್ನಿ ಎಂದು ಅವಳು ಕರೆಯಲಿಲ್ಲ, ನಾನೇ ಹೊರಟೆ. ಪೀಣ್ಯ ಎರಡನೇ ಹಂತದವರೆಗೂ ಬಸ್ಸಿನಲ್ಲಿ ಅವಳು ಎಡಗೈ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತಾ ಕೂತಿದ್ದಳು. ಕಾರ್ಖಾನೆಯ ಗೇಟು ಕಂಡಾಗ ನಿಂತಳು.

“ಅಲ್ಲಿ ಟವೆಲ್ ಇರಂಗಿಲ್ಲಲ್ರಿ. ಎಲ್ಲಾರೂ ಕೈ ನೋಡ್ತಾರ.”

“ನೋಡ್ಲಿ. ಅವರಿಗೆ ಕಣ್ಣಿರೋದೇ ನೋಡೋಕೆ. ನೀನು ಮಾತ್ರ ನೋಡ್ಬೇಡ.”

ಅವಳಿಗೆ ನಗು ಬಂತು. ಗೇಟಿನ ಸೆಕ್ಯೂರಿಟಿಯವರು ಚೀಲ ಒಳಗೆ ಬಿಡುವುದಿಲ್ಲ ಎಂದರು. ಚೀಲವನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಒಂದು ಸಿಮೆಂಟ್ ಬೆಂಚು. ಕಾರ್ಖಾನೆಯ ಒಳಗಿಂದ ಪ್ರೆಸ್ ಮೆಷಿನ್ನುಗಳ ಏಟು ನೆಲದ ಮೂಲಕ ಅಂಗಾಲಿಗೆ ಬರುತ್ತಿತ್ತು. ಒಳಗೆ ಕೂತು ಟೈಪ್ ಮಾಡುವಾಗಲೂ ಅವಳಿಗೆ ಇದು ಕೇಳಿಸುತ್ತಿರುತ್ತದಲ್ಲ ಎಂದು ನೆನೆದು ಸಂಕಟವಾಯಿತು. ನೀರು ಕುಡಿಯೋಣವೆಂದು ಅವಳ ಚೀಲದಲ್ಲಿ ಬಾಟಲಿಗೆ ಕೈ ಹಾಕಿದೆ. ಬಾಟಲಿಯ ಜೊತೆ ಪರ್ಸು ಬಂತು. ಪರ್ಸಿನ ಬಾಯಿಂದ ಬೊಟ್ಟಿನ ಪ್ಯಾಕೆಟ್ ಇಣುಕುತ್ತಿತ್ತು.

ಗುರುತೇ ಇಲ್ಲದೆ ಅವಳು ಒಳಗಿದ್ದಾಳೆ. ಆ ಕೈ ಒಂದು ಕೀಲಿ ಆಚೆ ಈಚೆ ಕೂತರೂ ಸಾಕು, ಇಡೀ ಚಲನ್ ಕಗ್ಗವಾಗುತ್ತದೆ. ಪ್ಯಾಕೆಟ್ ಹಿಡಿದು ಗೇಟಿಗೆ ಓಡಿದೆ.

“ಅಣ್ಣಾ, ಇದನ್ನ ಡಿಸ್‌ಪ್ಯಾಚ್ ಆಫೀಸಿಗೆ ಕಳಿಸಬೇಕು. ಅರ್ಜೆಂಟು.”

ಸೆಕ್ಯೂರಿಟಿಯವರು ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಬೊಟ್ಟಾ ಮೇಡಂ?”

“ಹೌದು, ಟೆಸ್ಟಿಗೆ ಬೇಕು.”

“ಟೆಸ್ಟಿಗೆ ಬೊಟ್ಟಾ?” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪ್ಯಾಕೆಟ್ ವಾಪಸ್ಸು ಕೊಟ್ಟರು. “ಮಧ್ಯದಲ್ಲಿ ಏನೂ ಕಳಿಸೋ ಹಾಗಿಲ್ಲ ಮೇಡಂ. ಕೂತ್ಕೊಳ್ಳಿ, ಈಗ ಬರ್ತಾರೆ.”

ಬೈದೆ, ಬೇಡಿಕೊಂಡೆ, ಕೊನೆಗೆ ಬೆಂಚಿಗೆ ಬಂದು ಕುಕ್ಕರಿಸಿದೆ. ಇಷ್ಟು ವರ್ಷ ಎಷ್ಟೋ ಜನರನ್ನು ಪರೀಕ್ಷೆಗೆ ಕಳಿಸಿದ್ದೇನೆ, ಯಾರಿಗಾಗಿಯೂ ಗೇಟಿನಲ್ಲಿ ಹೀಗೆ ಜಗಳಾಡಿರಲಿಲ್ಲ. ಅವಳು ಗೆಲ್ಲಬೇಕಿತ್ತು. ಸುಮ್ಮನೆ ನ್ಯಾಯವಾಗಿ ಅವಳು ಗೆಲ್ಲಬೇಕಿತ್ತು. ಪ್ಯಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಮನಸ್ಸಿನಲ್ಲೇ ಅವಳ ಜೊತೆ ಟೈಪ್ ಮಾಡುತ್ತಾ ಕೂತೆ.

ಮಧ್ಯಾಹ್ನದ ಊಟದ ಸೈರನ್ ಆದ ಮೇಲೆ ಅವಳು ಹೊರಬಂದಳು. ದೂರದಿಂದ ಮೊದಲು ಕಂಡದ್ದು ಅವಳ ಹಣೆ. ಬೋಳಾಗಿತ್ತು. ಅತ್ತು ಮುಖ ತೊಳೆದುಕೊಂಡು ಬರುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದೆ, ಸೆರಗು ಇನ್ನೂ ಸೊಂಟದಲ್ಲೇ ಇತ್ತು, ಬಲಗೈ ಹೊರಗೇ ಬೀಸಾಡುತ್ತಿತ್ತು. ಊಟಕ್ಕೆ ಹೊರಟ ಒಬ್ಬಿಬ್ಬರಿಗೆ ಆ ಕೈಯನ್ನೇ ಎತ್ತಿ ಏನೋ ಹೇಳುತ್ತಾ ಬರುತ್ತಿದ್ದಳು.

“ಪ್ಯಾಕೆಟ್ ಇಲ್ಲೇ ಉಳೀತಲ್ಲೇ,” ಅಂದೆ.

“ಹೌದ್ರಿ. ಕುರ್ಚಿ ಮ್ಯಾಲ ಕೂತಾಗ ನೆನಪಾತು. ಏನ್ ಮಾಡೂದು, ಹಣಿ ಮ್ಯಾಲಿಂದ ತಗದು ಹಚ್ಚಿದೆ.” ಹೇಳಿ ಬೆಂಚಿನ ಮೇಲೆ ಕೂತು ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ನಾನು ಪ್ಯಾಕೆಟ್ ಬಿಚ್ಚಿ ಒಂದು ಬೊಟ್ಟು ತೆಗೆದು ಅವಳ ಹಣೆಗೆ ಇಟ್ಟೆ. ಬೆವರಿಗೆ ಅದು ಸರಿಯಾಗಿ ಅಂಟಲಿಲ್ಲ, ಮತ್ತೆ ಒತ್ತಿದೆ.

“ಅದನ್ನ ಅಲ್ಲೇ ಕೀಲಿ ಮೇಲೇ ಮರೆತು ಬಂದ್ಯಾ?”

“ಮರೆತಿಲ್ರಿ ಟೀಚರ,” ಅಂದಳು. “ಸೋಮವಾರದಿಂದ ಅಲ್ಲೇ ಬೇಕಾಕ್ಕೈತಿ.”